ಸ್ಕಾಲರ್‌ಶಿಪ್ ಕನ್ಸಲ್ಟೆನ್ಸಿಯ ಫುಲ್ ಪ್ಯಾಕೇಜ್: ಮಾಕ್ ಇಂಟರ್‌ವ್ಯೂ ಸೂಪರ್, ಎಸ್ಸೇ ಎಡಿಟಿಂಗ್ ದಂಡ

ಫಾರಿನ್‌ನಲ್ಲಿ ಮಾಸ್ಟರ್ಸ್ ಮಾಡೋಕೆ ರೋಡ್ಸ್, ಚೀವನಿಂಗ್, ಗೇಟ್ಸ್ ಕೇಂಬ್ರಿಡ್ಜ್ ಥರದ ದೊಡ್ಡ ಸ್ಕಾಲರ್‌ಶಿಪ್‌ಗಳಿಗೆ ಟ್ರೈ ಮಾಡೋರಿಗೆ ಅಂತಾನೇ ಇರೋ ಒಂದು ಆನ್‌ಲೈನ್ ಕನ್ಸಲ್ಟೆನ್ಸಿಯ ಫುಲ್ ಪ್ಯಾಕೇಜ್ ತಗೊಂಡಿದ್ದೆ. ಹೆಸರು ಹಾಕಲ್ಲ, ಈ ಫೀಲ್ಡಲ್ಲಿ ಹೆಚ್ಚುಕಮ್ಮಿ ಎಲ್ರೂ ಮಾರೋದು ಇದೇ ಸಾಮಾನು. ಪ್ರೊಫೈಲ್ ನೋಡೋದು, ಎಸ್ಸೇ ತಿದ್ದೋದು, ಮಾಕ್ ಇಂಟರ್‌ವ್ಯೂ. ನಾನು ಅವರಿಗೆ ಕೊಡೋ ಮಾರ್ಕ್ಸು 5ಕ್ಕೆ 2.5, ಅದೂ ಪೂರ್ತಿ ಮಾಕ್ ಇಂಟರ್‌ವ್ಯೂಗೇ.

ಮೊದಲು ಕೌನ್ಸೆಲರ್ ಕಾಲ್. ಚೀವನಿಂಗ್‌ಗೆ ಎರಡು ವರ್ಷ ಅಂದ್ರೆ 2,800 ಗಂಟೆ ಕೆಲಸದ ಅನುಭವ ಬೇಕು, ನಿಮ್ಮ ಇಂಟರ್ನ್‌ಶಿಪ್ ಲೆಕ್ಕಕ್ಕೆ ಬರಲ್ಲ, ಮುಂದಿನ ವರ್ಷದ ಪ್ಯಾಕೇಜ್ ತಗೊಳ್ಳಿ ಅಂದ್ರು. ಚೀವನಿಂಗ್ ವೆಬ್‌ಸೈಟ್ ತೆಗೆದು ನೋಡಿದ್ರೆ ಇಂಟರ್ನ್‌ಶಿಪ್, ಪಾರ್ಟ್ ಟೈಮ್, ವಾಲಂಟಿಯರ್ ಕೆಲಸ ಎಲ್ಲಾ ಲೆಕ್ಕಕ್ಕೆ ಬರುತ್ತೆ ಅಂತ ನೀಟಾಗಿ ಬರ್ದಿದೆ. ಫ್ರೀಯಾಗಿ ಸಿಗೋ ಮಾಹಿತಿನೇ ದುಡ್ಡು ತಗೊಂಡು ತಪ್ಪಾಗಿ ಹೇಳ್ತಾರಲ್ಲಪ್ಪಾ!

ಇನ್ನು ಎಸ್ಸೇ. ಲ್ಯಾಬ್‌ನಲ್ಲಿ ಸೆಂಟ್ರಿಫ್ಯೂಜ್ ಕೆಟ್ಟು ಕೂತಾಗ ಕಂಪನಿಯವ್ರು ಬರೋವರೆಗೂ ಕಾಯದೆ ಜೂನಿಯರ್ಸ್‌ನ ಕೂಡಿಸ್ಕೊಂಡು ಪಕ್ಕದ ಡಿಪಾರ್ಟ್‌ಮೆಂಟ್ ಮೆಷಿನ್‌ಗೆ ಟೈಮ್‌ಟೇಬಲ್ ಹಾಕಿ ಕೆಲಸ ಮುಗಿಸಿದ್ದು ಬರ್ದಿದ್ದೆ. ಎಡಿಟರ್ ಅದನ್ನ ಪೂರ್ತಿ ಹೊಡೆದಾಕಿ "ಬಾಲ್ಯದಿಂದಲೂ ನನ್ನಲ್ಲಿ ನಾಯಕತ್ವದ ತುಡಿತವಿತ್ತು" ಅನ್ನೋ ಧಾಟೀಲಿ ಒಂದು ಪ್ಯಾರಾ ಅಂಟಿಸಿ ಕಳಿಸಿದ್ರು. ಯಾರ ಹೆಸರು ಹಾಕಿದ್ರೂ ನಡಿಯುತ್ತೆ ಅದು, ಮದುವೆ ಇನ್ವಿಟೇಶನ್ ಥರ. ಇನ್ನೊಂದು ಮಜಾ ಅಂದ್ರೆ ಗೇಟ್ಸ್ ಕೇಂಬ್ರಿಡ್ಜ್ ಡ್ರಾಫ್ಟಲ್ಲೂ ಓದು ಮುಗಿದ ಮೇಲೆ ಎರಡು ವರ್ಷ ನಮ್ಮ ದೇಶದಲ್ಲೇ ಇರ್ತೀನಿ ಅಂತ ಸೇರಿಸಿದ್ರು. ಅದು ಬ್ರಿಟನ್ ಸರ್ಕಾರದ ದುಡ್ಡಲ್ಲಿ ನಡಿಯೋ ಚೀವನಿಂಗ್‌ನ ಕಂಡೀಶನ್ನು, ಗೇಟ್ಸ್‌ನೋರು ಕೇಳೋದೇ ಬೇರೆ, ಓದಿನಲ್ಲಿ ಎಷ್ಟು ಗಟ್ಟಿ, ಈ ಕೋರ್ಸೇ ಯಾಕೆ, ಬೇರೆಯವ್ರ ಬದುಕು ಸುಧಾರಿಸೋಕೆ ಏನ್ಮಾಡಿದೀಯ, ಲೀಡ್ ಮಾಡೋ ತಾಕತ್ತು ಇದ್ಯಾ ಅಂತ. ಟೆಂಪ್ಲೇಟ್ ಒಂದೇ, ಹೆಡ್ಡಿಂಗ್ ಮಾತ್ರ ಚೇಂಜ್.

ಆದ್ರೆ ನಂಗೆ ನಿಜವಾಗ್ಲೂ ಸಿಟ್ಟು ಬಂದಿದ್ದು ರೋಡ್ಸ್ ವಿಷಯದಲ್ಲಿ. 1902ರಲ್ಲಿ ಸತ್ತ ಸೆಸಿಲ್ ರೋಡ್ಸ್ ಬರ್ದಿಟ್ಟ ವಿಲ್‌ನಿಂದ ಶುರುವಾದ ಸ್ಕಾಲರ್‌ಶಿಪ್ಪು, ಆಕ್ಸ್‌ಫರ್ಡ್‌ಗೆ ಮಾತ್ರ. ಅದರ ಪರ್ಸನಲ್ ಸ್ಟೇಟ್‌ಮೆಂಟ್ ನಂದೇ, ಬೇರೆ ಯಾರೂ ತಿದ್ದಿಲ್ಲ ಅಂತ ಅಭ್ಯರ್ಥಿನೇ ಡಿಕ್ಲರೇಶನ್ ಕೊಡ್ಬೇಕು. ಇವರ ಪ್ಯಾಕೇಜಲ್ಲಿ 'ರೋಡ್ಸ್ ಸ್ಟೇಟ್‌ಮೆಂಟ್ ಎಡಿಟಿಂಗ್' ಅಂತ ಲೈನ್ ಐಟಂ ಇದೆ! ಕೇಳಿದ್ರೆ "ಎಲ್ರೂ ಮಾಡಿಸ್ತಾರೆ, ಗೊತ್ತಾಗಲ್ಲ" ಅಂತ ಉತ್ತರ. ಸಿಕ್ಕಾಕೊಂಡ್ರೆ ಹೋಗೋದು ನಮ್ಮ ಅಪ್ಲಿಕೇಶನ್ನು, ಅವರದೇನು ಹೋಗಲ್ಲ. ಆ ಒಂದನ್ನ ನಾನು ಅವರ ಕೈಗೆ ಕೊಡಲೇ ಇಲ್ಲ, ಅದರ ದುಡ್ಡೂ ವಾಪಸ್ ಬರಲಿಲ್ಲ ಬಿಡಿ.

ಈಗ ಒಳ್ಳೇದು. ಮಾಕ್ ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿದ್ದೋರು ಬೇರೆ ಲೆವೆಲ್ಲು, ಹಿಂದೆ ಸ್ಕಾಲರ್‌ಶಿಪ್ ತಗೊಂಡು ಓದಿ ಬಂದೋರು. ನಾನು ಬಾಯಿಪಾಠ ಮಾಡ್ಕೊಂಡು ಹೋಗಿದ್ದನ್ನ ಒಂದೇ ನಿಮಿಷದಲ್ಲಿ ಒಡೆದು ಹಾಕಿದ್ರು. "ನೀವು ಹೊಗಳ್ತಿರೋ ಆ ಮಾಡ್ಯೂಲ್ ಈ ವರ್ಷ ನಡೆಸ್ತಿಲ್ಲ ಅಂದ್ಕೊಳ್ಳಿ, ಆಮೇಲೂ ಇದೇ ಕೋರ್ಸ್ ಬೇಕಾ?" ಅಂದ್ರು, ನಾನು ಗಪ್‌ಚಿಪ್. ಆಮೇಲೆ "ವಾಪಸ್ ಬಂದು ಪಾಲಿಸಿ ಬದಲಾಯಿಸ್ತೀನಿ ಅಂತೀರಲ್ಲ, ಯಾವ ಪಾಲಿಸಿ, ಅದನ್ನ ಬದಲಾಯಿಸೋ ಅಧಿಕಾರ ಯಾರ ಕೈಲಿದೆ, ಅವ್ರು ನಿಮ್ಮ ಮಾತು ಯಾಕೆ ಕೇಳ್ಬೇಕು" ಅಂತ ಒಂದರ ಹಿಂದೆ ಒಂದು. ಮುಗಿದ ಮೇಲೆ ರೆಕಾರ್ಡಿಂಗ್ ಕಳಿಸ್ತಾರೆ, ಅದರಲ್ಲಿ ನಾನು ಎಲ್ಲೆಲ್ಲಿ ಪ್ರಶ್ನೆ ಬಿಟ್ಟು ಬೇರೆ ಏನೋ ಮಾತಾಡಿದೀನಿ ಅಂತ ಟೈಮ್ ಸಮೇತ ಗುರುತು ಹಾಕಿರ್ತಾರೆ. ನೋಡೋಕೆ ಮುಜುಗರ ಆದ್ರೂ ಇಡೀ ಪ್ಯಾಕೇಜಲ್ಲಿ ಕೊಟ್ಟ ಕಾಸಿಗೆ ಸಿಕ್ಕ ಮಾಲು ಅಂದ್ರೆ ಇದೇ.

ಇಂಟರ್‌ವ್ಯೂ ಮಾತ್ರ ಬೇರೆ ಕೊಡಿ ಅಂತ ಕೇಳಿದ್ರೆ ಮೊದಲು ಇಲ್ಲ ಅಂತಾರೆ, ಸ್ವಲ್ಪ ಗಟ್ಟಿಯಾಗಿ ಕೂತ್ರೆ ಕೊಡ್ತಾರೆ. ನನ್ನ ಫ್ರೆಂಡ್ ಹಂಗೇ ತಗೊಂಡ. ಅವರ ಪೇಜಲ್ಲಿರೋ ಆಯ್ಕೆಯಾದವರ ಫೋಟೋಗಳನ್ನ ನೋಡಿ ಮರುಳಾಗ್ಬೇಡಿ, ಅದರಲ್ಲಿ ಒಬ್ಬರಿಗೆ ಮೆಸೇಜ್ ಹಾಕಿ ಕೇಳಿದ್ದಕ್ಕೆ ಅವ್ರು ಅಟೆಂಡ್ ಆಗಿದ್ದು ಬರೀ ಫ್ರೀ ವೆಬಿನಾರ್ ಅಂತೆ.