ಮೀನಿನವರ ಹಾರ್ನ್ ಕೇಳುವ ತನಕ: ನಾಯಿ ತರಬೇತಿ ಕೇಂದ್ರವೊಂದರ ಸೇವೆಯ ಬಗ್ಗೆ

ನಮ್ಮ ಲ್ಯಾಬ್ರಡಾರ್ ಬೊಳ್ಳುವಿಗೆ 14 ತಿಂಗಳಾಗಿದ್ದಾಗ ಮಂಗಳೂರಿನ ಹೊರವಲಯದ ಒಂದು ತರಬೇತಿ ಕೇಂದ್ರದಲ್ಲಿ ಅವನನ್ನು ಆರು ವಾರಗಳ ಕಾಲ ಬಿಟ್ಟಿದ್ದೆವು. ಏಪ್ರಿಲ್ ಕೊನೆಗೆ ಹೋದವನು ಜೂನ್ ಮೊದಲ ವಾರದಲ್ಲಿ ಉಡುಪಿಯ ಕುಂಜಿಬೆಟ್ಟಿನ ನಮ್ಮ ಮನೆಗೆ ಮರಳಿದ. ಆಹಾರ, ವಸತಿ, ತರಬೇತಿ ಎಲ್ಲವೂ ಸೇರಿ 28,000 ರೂಪಾಯಿ ಖರ್ಚಾಯಿತು. ಕೇಂದ್ರದ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ನನ್ನ ಆಕ್ಷೇಪ ಆ ಕೇಂದ್ರದ ಜನರ ಮೇಲಲ್ಲ, ಅವರು ನಾಯಿಯನ್ನು ಮನೆಯವರಿಗೆ ಒಪ್ಪಿಸುವ ಕ್ರಮದ ಮೇಲೆ.

ಮೊದಲು ಸಲ್ಲಬೇಕಾದ ಮೆಚ್ಚುಗೆಯನ್ನು ಸಲ್ಲಿಸುತ್ತೇನೆ. ರೇಬೀಸ್ ಮತ್ತು ಇಲಿಜ್ವರದ ಲಸಿಕೆ ಹಾಕಿಸಿದ ದಾಖಲೆಯಿಲ್ಲದೆ ಅವರು ಯಾವ ನಾಯಿಯನ್ನೂ ಸೇರಿಸಿಕೊಳ್ಳುವುದಿಲ್ಲ. ಗೂಡುಗಳು ಒಣಗಿದ್ದವು, ನೆಲದಲ್ಲಿ ಫಿನಾಯಿಲ್ ವಾಸನೆಯಿತ್ತೇ ಹೊರತು ಮೂತ್ರದ ವಾಸನೆಯಿರಲಿಲ್ಲ. ಕತ್ತು ಬಿಗಿಯುವ ಸರಪಳಿಯನ್ನು ಅವರು ಬಳಸಲಿಲ್ಲ. ಸಾದಾ ಪಟ್ಟಿ, ಬೇಯಿಸಿದ ಕೋಳಿ ಲಿವರ್‌ನ ಸಣ್ಣ ಸಣ್ಣ ತುಂಡು, ಇಷ್ಟೇ ಅವರ ಸಾಮಗ್ರಿ. ಪ್ರತಿ ಶನಿವಾರ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಿದ್ದ ವಿಡಿಯೊಗಳಲ್ಲಿ, ಬಂದವರ ಎದೆಗೆ ಹಾರುತ್ತಿದ್ದ ನಮ್ಮ ಬೊಳ್ಳು ಸಿಟ್ ಎಂದರೆ ಕುಳಿತು, ಸ್ಟೇ ಎಂದರೆ ಅಲ್ಲೇ ಉಳಿದು, ಕರೆದಾಗ ಮಾತ್ರ ಎದ್ದು ಬರುವುದನ್ನು ಕಂಡು ನಾವೆಲ್ಲ ಬೆರಗಾಗಿದ್ದೆವು.

ಜೂನ್ ಮತ್ತು ಜುಲೈ ತಿಂಗಳುಗಳು ನಿರಾತಂಕವಾಗಿ ಕಳೆದವು. ಕೊಟ್ಟ ಹಣ ಸಾರ್ಥಕವಾಯಿತು ಎಂದು ಪರಿಚಯದ ಇಬ್ಬರಿಗೆ ಶಿಫಾರಸನ್ನೂ ಮಾಡಿಬಿಟ್ಟೆ. ಆ ನೆಮ್ಮದಿಯ ಕಾರಣ ಆಗಸ್ಟ್‌ನಲ್ಲಿ ಗೊತ್ತಾಯಿತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮಲ್ಪೆಯಿಂದ ಸ್ಕೂಟರಿನಲ್ಲಿ ಮೀನು ತರುವವರು ಆ ಅವಧಿಯಲ್ಲಿ ನಮ್ಮ ಓಣಿಗೆ ಬರುವುದೇ ಇಲ್ಲ. ನಿಷೇಧ ಮುಗಿದು ಅವರ ಹಾರ್ನ್ ಮೊದಲ ಸಲ ಕೇಳಿದ ಬೆಳಿಗ್ಗೆ ಬೊಳ್ಳು ಜಗಲಿಯಿಂದ ಒಂದೇ ನೆಗೆತಕ್ಕೆ ಅಂಗಳಕ್ಕಿಳಿದು, ಗೇಟಿಗೆ ಕಾಲು ಕೊಟ್ಟು ನಿಂತು, ನಾನು ಹತ್ತು ಸಲ ಸಿಟ್ ಎಂದು ಕೂಗಿದರೂ ತಿರುಗಿಯೂ ನೋಡಲಿಲ್ಲ. ಮೀನಿನವರು ನಗುತ್ತಾ, “ಇವನನ್ನು ಶಾಲೆಗೆ ಹಾಕಿದ್ದು ಅಂತ ಹೇಳಿದ್ರಲ್ಲ ಮಾರಾಯ್ರೇ, ಫೇಲಾಗಿ ಬಂದದ್ದಾ?” ಎಂದು ಕೇಳಿದರು.

ಅವನು ಅನುತ್ತೀರ್ಣನಾಗಿರಲಿಲ್ಲ. ನಾಯಿ ಒಂದು ಜಾಗದಲ್ಲಿ, ಒಬ್ಬರ ದನಿಯಲ್ಲಿ, ಒಂದು ಬಗೆಯ ಸದ್ದುಗದ್ದಲದ ನಡುವೆ ಕಲಿತದ್ದನ್ನು ಬೇರೊಂದು ಜಾಗಕ್ಕೆ ತಾನಾಗಿಯೇ ಅನ್ವಯಿಸಿಕೊಳ್ಳುವುದಿಲ್ಲ. ಪ್ರತಿ ಹೊಸ ಸನ್ನಿವೇಶದಲ್ಲಿ ಅದೇ ಪಾಠವನ್ನು ಸುಲಭದಿಂದ ಆರಂಭಿಸಿ ಮತ್ತೆ ಕಲಿಸಬೇಕಾಗುತ್ತದೆ. ಕೇಂದ್ರದ ಅಂಗಳದಲ್ಲಿ ಮೀನಿನ ಹಾರ್ನ್ ಇರಲಿಲ್ಲ, ಹಾಗಾಗಿ ಹಾರ್ನ್ ಕೇಳಿದಾಗ ಕುಳಿತುಕೊಳ್ಳುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಈ ಮಾತನ್ನು ಕೇಂದ್ರದವರು ನಮಗೆ ಮೊದಲೇ ಹೇಳಬೇಕಿತ್ತು. ನಾಯಿಯನ್ನು ಒಪ್ಪಿಸಿದ ದಿನ ಅವರು ನಮಗಾಗಿ ಕೊಟ್ಟದ್ದು ಅರ್ಧ ಗಂಟೆ ಮತ್ತು ಆಜ್ಞೆಗಳ ಪಟ್ಟಿಯಿದ್ದ ಒಂದು ಹಾಳೆ. ಮನೆಯಲ್ಲಿ ಯಾರ‍್ಯಾರು ಇದ್ದಾರೆ, ಯಾರು ಅನ್ನ ಹಾಕುತ್ತಾರೆ, ಯಾವ ಭಾಷೆಯಲ್ಲಿ ಮಾತನಾಡುತ್ತಾರೆ ಎಂದು ಯಾರೂ ಕೇಳಲಿಲ್ಲ.

ಭಾಷೆಯ ಪ್ರಶ್ನೆ ಚಿಕ್ಕದಲ್ಲ. ಕೇಂದ್ರದಲ್ಲಿ ಎಲ್ಲವೂ ಇಂಗ್ಲಿಷ್ ಪದಗಳು. ನಮ್ಮ ಮನೆಯಲ್ಲಿ ಅತ್ತೆ “ಕುಲ್ಲು” ಎಂದು ತುಳುವಿನಲ್ಲಿ ಹೇಳುತ್ತಾರೆ, ನಾನು ಗಡಿಬಿಡಿಯಲ್ಲಿ “ಕೂತ್ಕೋ” ಎನ್ನುತ್ತೇನೆ, ಮಗಳು ಸಿಟ್ ಎಂಬುದನ್ನು ಉಸಿರು ಬಿಡದೆ ಐದು ಸಲ ಹೇಳುತ್ತಾಳೆ. ನಾಯಿಗೆ ಪದದ ಅರ್ಥ ಮುಖ್ಯವಲ್ಲ, ಅದೇ ಸದ್ದು ಮತ್ತೆ ಮತ್ತೆ ಅದೇ ಫಲವನ್ನು ತರಬೇಕು ಎಂಬುದಷ್ಟೇ ಮುಖ್ಯ. ಅತ್ತೆಯವರು ತಮ್ಮ ಪದವನ್ನು ಬಿಡಲು ಒಪ್ಪಲಿಲ್ಲ, ಅದರಲ್ಲಿ ತಪ್ಪೂ ಇಲ್ಲ. ಕೊನೆಗೆ ನಾವೆಲ್ಲರೂ ಕುಲ್ಲು ಎಂಬುದಕ್ಕೇ ಬದಲಾದೆವು. ಕುಲ್ಲು ಎಂದ ಕೂಡಲೇ ಹಳೆಯ ಸಿಟ್ ಪದವನ್ನೂ ಹೇಳಿ, ಕುಳಿತಾಗ ತಿಂಡಿ ಕೊಡುತ್ತಾ ಹೋದಾಗ ಸುಮಾರು ಹತ್ತು ದಿನಗಳಲ್ಲಿ ಹಳೆಯ ಪದದ ಅಗತ್ಯವೇ ಉಳಿಯಲಿಲ್ಲ.

ಇನ್ನೊಂದು ತೊಡಕು ಊಟದ ಮೇಜಿನ ಕೆಳಗಿತ್ತು. ಮಾವನವರು ಎಲ್ಲ ದಿನವೂ ಅಲ್ಲ, ಮನಸ್ಸು ಬಂದ ದಿನ ಮಾತ್ರ, ಬಂಗುಡೆ ಮೀನಿನ ಒಂದು ತುಂಡನ್ನು ಸದ್ದಿಲ್ಲದೆ ಕೆಳಗೆ ಇಳಿಸುತ್ತಿದ್ದರು. “ಅಪರೂಪಕ್ಕೆ ಕೊಡುವುದು, ಅಭ್ಯಾಸ ಆಗಲಿಕ್ಕಿಲ್ಲ” ಎಂಬುದು ಅವರ ವಾದ. ವಾಸ್ತವದಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಯಾವಾಗ ಸಿಗುತ್ತದೆಂದು ಊಹಿಸಲಾಗದ ಬಹುಮಾನವೇ ಅಭ್ಯಾಸವನ್ನು ಅತ್ಯಂತ ಗಟ್ಟಿಯಾಗಿ ಬೇರೂರಿಸುತ್ತದೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲಿನ ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಕಲಿತ ಪಾಠ ಮರೆಯದಂತೆ ನಾವು ಬಳಸಬೇಕಾಗಿದ್ದ ಉಪಾಯವನ್ನೇ ಮಾವನವರು, ತಿಳಿಯದೆ, ಭಿಕ್ಷೆ ಬೇಡುವುದನ್ನು ಕಲಿಸಲು ಬಳಸಿದ್ದರು. ನಾವೋ ಬೊಳ್ಳು ಕುಳಿತಾಗ ಏನೂ ಕೊಡದೆ, “ಇವನಿಗೆ ಈಗ ಎಲ್ಲ ಬರುತ್ತದೆ” ಎಂದು ಸುಮ್ಮನಾಗಿದ್ದೆವು. ಮೇಜಿನ ಕೆಳಗಿನ ದಾನ ನಿಂತ ಮೊದಲ ವಾರ ಅವನ ಕುಂಯ್‌ಗುಟ್ಟುವಿಕೆ ಮೊದಲಿಗಿಂತ ಇಮ್ಮಡಿಯಾಯಿತು. ಹೀಗಾಗುವುದು ಸಹಜವೆಂದೂ, ಆ ಹೊತ್ತಿಗೆ ಸೋತು ಒಂದು ತುಂಡು ಕೊಟ್ಟರೆ ಜೋರಾಗಿ ಬೇಡುವುದನ್ನೇ ಕಲಿಸಿದಂತಾಗುತ್ತದೆಂದೂ ಹಾಳೆಯಲ್ಲಿ ಬರೆದಿದ್ದರೆ ನಮ್ಮ ಮನೆಯಲ್ಲಿ ಒಂದು ಜಗಳ ಕಡಿಮೆಯಾಗುತ್ತಿತ್ತು.

ನಾನು ಕರೆ ಮಾಡಿ ದೂರಿದಾಗ ಕೇಂದ್ರದವರು ವಾದ ಮಾಡಲಿಲ್ಲ. 1,500 ರೂಪಾಯಿಗೆ ತರಬೇತುದಾರರು ಒಂದು ಬಾರಿ ಮನೆಗೆ ಬಂದು ಎರಡು ಗಂಟೆ ಇದ್ದು, ನಾಯಿಗಿಂತ ಹೆಚ್ಚಾಗಿ ನಮ್ಮನ್ನೇ ಗಮನಿಸಿದರು. ನನ್ನ ಪ್ರಕಾರ ಇಡೀ ಸೇವೆಯಲ್ಲಿ ಅತ್ಯಂತ ಉಪಯುಕ್ತವಾದದ್ದು ಆ ಎರಡು ಗಂಟೆ. ಇದನ್ನು ಮೂಲ ಶುಲ್ಕದಲ್ಲೇ ಸೇರಿಸದೆ ಪ್ರತ್ಯೇಕವಾಗಿ ಮಾರುವುದು ಸರಿಯಲ್ಲ. ಅವರು ಹೇಳಿದಂತೆ ಹಾರ್ನ್ ಸದ್ದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಕೇಳಿಯೂ ಕೇಳದಷ್ಟು ಸಣ್ಣ ದನಿಯಲ್ಲಿ ಹಾಕಿ, ಪ್ರತಿ ಸಲವೂ ಸದ್ದಿನ ಬೆನ್ನಿಗೇ ಲಿವರ್ ತುಂಡು ಕೊಟ್ಟು, ಅವನು ಕಿವಿ ನಿಮಿರಿಸದೆ ನನ್ನ ಮುಖ ನೋಡುವ ಹಂತ ಬಂದ ಮೇಲಷ್ಟೇ ದನಿಯನ್ನು ಏರಿಸುತ್ತಾ ಹೋದೆ. ಅವಸರಪಟ್ಟು ಒಮ್ಮೆಲೇ ಜೋರು ಮಾಡಿದ ದಿನ ಎರಡು ಹೆಜ್ಜೆ ಹಿಂದೆ ಬರಬೇಕಾಯಿತು. ಆಮೇಲೆ ಮೀನಿನವರನ್ನೇ ಕೇಳಿಕೊಂಡೆ. ಅವರು ಒಂದು ವಾರ ಓಣಿಯ ತುದಿಯಲ್ಲೇ ನಿಂತು ಒಂದು ಸಲ ಹಾರ್ನ್ ಹಾಕಿ, ಬೊಳ್ಳು ಜಗಲಿಯ ಮೂಲೆಯಲ್ಲಿ ಹಾಸಿದ ಗೋಣಿಯ ಮೇಲೆ ಕುಳಿತದ್ದು ಕಂಡ ನಂತರ ಗೇಟಿನ ತನಕ ಬರುತ್ತಿದ್ದರು.

ಉಳಿದ ಅಭ್ಯಾಸಕ್ಕೆ ಪ್ರತ್ಯೇಕ ಸಮಯ ಬೇಕಾಗಿಲ್ಲ. ಅನ್ನದ ತಟ್ಟೆ ಇಡುವ ಮುನ್ನ, ಹಗ್ಗ ಕಟ್ಟುವ ಮುನ್ನ, ಗೇಟು ತೆರೆಯುವ ಮುನ್ನ ಅರೆಕ್ಷಣ ಕುಲ್ಲು. ಸಂಜೆ ಐದು ನಿಮಿಷ ಅಜ್ಜರಕಾಡಿನ ಪಾರ್ಕಿನ ಹೊರಗೆ, ಜನ ಓಡಾಡುವಲ್ಲಿ ಅದೇ ಪಾಠ. ಬಿಡದೆ ಮಳೆ ಹೊಯ್ಯುವ ದಿನಗಳಲ್ಲಿ ನಡಿಗೆ ತಪ್ಪಿದರೆ ಅವನು ಚಪ್ಪಲಿ ಕಚ್ಚಲು ಶುರುಮಾಡುತ್ತಾನಾದ್ದರಿಂದ, ಏಳೆಂಟು ತೆಂಗಿನ ಗೆರಟೆಗಳನ್ನು ಚಾವಡಿಯಲ್ಲಿ ಕವುಚಿ ಹಾಕಿ ಎರಡರ ಅಡಿಯಲ್ಲಿ ಮಾತ್ರ ಬಿಸ್ಕತ್ತು ಅಡಗಿಸಿಟ್ಟು ಹುಡುಕಿಸುತ್ತೇವೆ. ಮೂಗಿಗೆ ಕೆಲಸ ಸಿಕ್ಕರೆ ಅವನು ಅರ್ಧ ಗಂಟೆ ನಡೆದಷ್ಟೇ ದಣಿಯುತ್ತಾನೆ.

ಈ ಕೇಂದ್ರಕ್ಕೆ ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಸೇರಿಸುವವರು ಮನೆಗೆ ಬರುವ ಭೇಟಿಯ ಮಾತನ್ನು ಮೊದಲ ದಿನವೇ ಲಿಖಿತವಾಗಿ ಪಡೆದುಕೊಳ್ಳಬೇಕು, ಮತ್ತು ನಾಯಿಯನ್ನು ಕರೆತರಲು ಒಬ್ಬರೇ ಹೋಗದೆ ಅದಕ್ಕೆ ತಿನ್ನಲು ಕೊಡುವ ಹಿರಿಯರನ್ನೂ ಕರೆದುಕೊಂಡು ಹೋಗಬೇಕು. ಕಳೆದ ವಾರದ ಏಳು ದಿನಗಳಲ್ಲಿ ಬೊಳ್ಳು ಹಾರ್ನ್ ಕೇಳಿ ಎರಡು ದಿನ ಗೋಣಿಯಿಂದ ಎದ್ದ, ಐದು ದಿನ ಬಾಲ ಬಡಿಯುತ್ತಾ ಕುಳಿತೇ ಇದ್ದ. ಮಾವನವರು ಈಗಲೂ ಬಂಗುಡೆ ಕೊಡುತ್ತಾರೆ. ನೀರುಳ್ಳಿ ನಾಯಿಯ ರಕ್ತಕ್ಕೆ ಕೆಡುಕೆಂದು ತಿಳಿದ ಮೇಲೆ ನೀರುಳ್ಳಿ ಮಸಾಲೆಯ ಗಸಿಯಲ್ಲಿದ್ದ ತುಂಡಲ್ಲ, ಬರೇ ನೀರಿನಲ್ಲಿ ಬೇಯಿಸಿ ಮುಳ್ಳು ಬಿಡಿಸಿದ್ದು, ಅದೂ ತಮ್ಮ ಊಟ ಮುಗಿಸಿ ಕೈ ತೊಳೆದು ಗೋಣಿಯ ಹತ್ತಿರ ಹೋಗಿ.