ಅಕ್ಕನ ಕ್ಲಿನಿಕ್ ವೆಬ್‌ಸೈಟಿಗೆ ಲೆಟ್ಸ್ ಎನ್‌ಕ್ರಿಪ್ಟ್: ಏಳು ತಿಂಗಳ ನಂತರ

ಹಾಸನದ ಸಾಲಗಾಮೆ ರಸ್ತೆಯಲ್ಲಿ ಅಕ್ಕನ ಹಲ್ಲಿನ ಕ್ಲಿನಿಕ್ ಇದೆ. ಅದರ ವೆಬ್‌ಸೈಟ್ ನೋಡಿಕೊಳ್ಳುವುದು ನಾನು, ಸಂಬಳ ಇಲ್ಲದ ಕೆಲಸ. ಸೈಟ್‌ಗೆ ಹೋಗಿ ಬರುವ ಮಾಹಿತಿಗೆ ಬೀಗ ಹಾಕುವ, ಅವಧಿ ಮುಗಿದರೆ ಬ್ರೌಸರ್ ಎಚ್ಚರಿಕೆ ತೋರಿಸುವ ಎಸ್‌ಎಸ್‌ಎಲ್ ಸರ್ಟಿಫಿಕೇಟ್‌ಗೆ ವರ್ಷಕ್ಕೆ 6,500 ರೂಪಾಯಿಯಂತೆ ಮೂರು ವರ್ಷ ಕಟ್ಟಿದೆವು. ಸೈಟ್ ಮಾಡಿಕೊಟ್ಟವರು "ಕ್ಲಿನಿಕ್‌ಗೆ ಬೇರೆ ಥರದ ಸರ್ಟಿಫಿಕೇಟೇ ಬೇಕು ಸರ್, ಮೆಡಿಕಲ್ ಡೇಟಾ ಅಲ್ವಾ" ಎಂದಿದ್ದರು. ನಂಬಿದೆವು. ಕ್ಲಿನಿಕ್‌ಗೆಂದೇ ಬೇರೆ ಜಾತಿಯ ಸರ್ಟಿಫಿಕೇಟ್ ಯಾವುದೂ ಇಲ್ಲ.

ದುಡ್ಡು ತಗೊಂಡವರು ಈ ಸಲ ರಿನ್ಯೂ ಮಾಡುವುದನ್ನೇ ಮರೆತರು. ಭಾನುವಾರ ಬೆಳಿಗ್ಗೆ ಅರಕಲಗೂಡಿನಿಂದ ಒಬ್ಬರು ಅಜ್ಜಿ ಫೋನ್ ಮಾಡಿ, "ಡಾಕ್ಟ್ರಮ್ಮ, ಮೊಮ್ಮಗ ಅಪಾಯಿಂಟ್‌ಮೆಂಟ್ ಹಾಕೋಕೆ ಹೋದ್ರೆ ಏನೋ ಡೇಂಜರ್ ಅಂತ ಬರ್ತಿದೆಯಂತೆ, ನಮ್ ದುಡ್ಡು ಹೋಗುತ್ತಾ?" ಅಂದರು. ಕಂಪನಿಗೆ ಫೋನ್ ಹಚ್ಚಿದರೆ ಸೋಮವಾರ ನೋಡೋಣ ಎಂಬ ಉತ್ತರ. ಅವತ್ತೇ ಕೂತು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಕೊಡುವ ಸರ್ಟಿಫಿಕೇಟ್ ಹಾಕಿದೆ.

ಪೂರ್ತಿ ಉಚಿತ. ಹೋಸ್ಟಿಂಗ್ ಪ್ಯಾನೆಲ್‌ನಲ್ಲೇ ಬಟನ್ ಇತ್ತು, ಹತ್ತು ನಿಮಿಷ ಹಿಡಿಯಿತು. ರೋಗಿಯ ಫೋನಿಗೂ ನಮ್ಮ ಸರ್ವರ್‌ಗೂ ನಡುವೆ ಹೋಗುವ ಮಾಹಿತಿಗೆ ಬೀಗ ಹಾಕುವ ಕೆಲಸದಲ್ಲಿ ಇದಕ್ಕೂ ದುಡ್ಡಿನದ್ದಕ್ಕೂ ವ್ಯತ್ಯಾಸ ಇಲ್ಲ. ಜಾಸ್ತಿ ಬೆಲೆಯದ್ದರಲ್ಲಿ ಸಂಸ್ಥೆಯ ದಾಖಲೆ ನೋಡಿ ಹೆಸರು ಸೇರಿಸುತ್ತಾರೆ, ನಿಜ. ಆದರೆ ಆ ಹೆಸರನ್ನು ಅಡ್ರೆಸ್ ಬಾರ್‌ನಲ್ಲಿ ತೋರಿಸುವುದನ್ನು ಕ್ರೋಮ್ 2019ರಲ್ಲೇ ಬಿಟ್ಟಿತು. ಹಲ್ಲುನೋವಲ್ಲಿ ಅದನ್ನು ಹುಡುಕಿಕೊಂಡು ಯಾರು ಹೋಗುತ್ತಾರೆ?

90 ದಿನಕ್ಕೇ ಮುಗಿಯುತ್ತದೆ ಎಂದು ಮೊದಲು ಹೆದರಿದ್ದೆ. ಈವರೆಗೆ ಮೂರು ಸಲ ತಾನಾಗಿಯೇ ರಿನ್ಯೂ ಆಗಿದೆ. ಅಲ್ಲದೆ ಇನ್ನು ಮುಂದೆ ದುಡ್ಡು ಕೊಟ್ಟರೂ ವರ್ಷದ ಸರ್ಟಿಫಿಕೇಟ್ ಸಿಗುವುದಿಲ್ಲ: ನಿಯಮದ ಪ್ರಕಾರ 2026ರ ಮಾರ್ಚ್ 15ರಿಂದ ಹೆಚ್ಚೆಂದರೆ 200 ದಿನ, 2029ರ ಮಾರ್ಚ್‌ನಿಂದ 47 ದಿನ. ಯಾರೋ ನೆನಪಿಟ್ಟುಕೊಂಡು ಕೈಯಲ್ಲಿ ಮಾಡುವ ಕಾಲ ಹೋಯಿತು.

ತಾಪತ್ರಯವೂ ಇದೆ. ಕೆಟ್ಟರೆ ಫೋನ್ ಮಾಡಿ ಕೇಳಲು ಯಾರೂ ಇಲ್ಲ. ಅವಧಿ ಮುಗಿಯುತ್ತಿದೆ ಎಂದು ಲೆಟ್ಸ್ ಎನ್‌ಕ್ರಿಪ್ಟ್‌ನವರು ಮೊದಲು ಮೇಲ್ ಕಳಿಸುತ್ತಿದ್ದರು, 2025ರಲ್ಲಿ ಅದನ್ನೂ ನಿಲ್ಲಿಸಿದರು, ಹಾಗಾಗಿ ತಿಂಗಳಿಗೊಮ್ಮೆ ನಾನೇ ತಾರೀಖು ನೋಡುತ್ತೇನೆ. ನನ್ನದೇ ಒಂದು ಎಡವಟ್ಟು ಕೂಡ ಆಯಿತು: ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇಲ್ಲದ ಹೆಸರಿಗೆ ಮಾತ್ರ ಸರ್ಟಿಫಿಕೇಟ್ ತಗೊಂಡಿದ್ದೆ, ಅಕ್ಕನ ವಿಸಿಟಿಂಗ್ ಕಾರ್ಡ್‌ನಲ್ಲಿ ಇದ್ದದ್ದು ಅದು ಸೇರಿದ ಹೆಸರು. ಎರಡು ದಿನ ಕಾರ್ಡ್ ನೋಡಿ ಬಂದವರಿಗೆಲ್ಲ ಮತ್ತೆ ಅದೇ ಎಚ್ಚರಿಕೆ. ಎರಡೂ ಹೆಸರು ಸೇರಿಸಿ, ಬೀಗವಿಲ್ಲದ ಹಳೆಯ ಎಚ್‌ಟಿಟಿಪಿ ವಿಳಾಸ ಬೀಗವಿರುವ ಎಚ್‌ಟಿಟಿಪಿಎಸ್ ವಿಳಾಸಕ್ಕೆ ತಿರುಗುವಂತೆ ಮಾಡಿ.

ಸರ್ಟಿಫಿಕೇಟ್ ಕಾಯುವುದು ದಾರಿಯನ್ನು ಮಾತ್ರ. ಫಾರ್ಮ್‌ನಲ್ಲಿ ಬರೆದ ಹೆಸರು, ನಂಬರ್, ಕಾಯಿಲೆ ಎಲ್ಲ ಕ್ಲಿನಿಕ್‌ನ ಮೇಲ್‌ಗೆ ಬಂದು ಬೀಳುತ್ತದೆ. ಆ ಮೇಲ್‌ನ ಪಾಸ್‌ವರ್ಡ್ ರಿಸೆಪ್ಷನ್ ಕಂಪ್ಯೂಟರಿಗೆ ಚೀಟಿ ಅಂಟಿಸಿ ಇಟ್ಟಿದ್ದರು! 2023ರ ಡೇಟಾ ಕಾಯ್ದೆಯಲ್ಲಿ ಇಂಥ ಅಜಾಗರೂಕತೆಗೆ ದಂಡ 250 ಕೋಟಿವರೆಗೂ ಇದೆ ಎಂದಾಗ ಅಕ್ಕ ಮೊದಲು ಆ ಚೀಟಿ ಕಿತ್ತಳು.

ಹಳೆಯ ಕಂಪನಿಯವರು ಈಗಲೂ ರಿನ್ಯೂವಲ್ ಎಂದು ಫೋನ್ ಮಾಡುತ್ತಾರೆ. ಅಕ್ಕ ಸುಮ್ನೆ ಫೋನ್ ನನ್ನ ಕೈಗೆ ಕೊಡುತ್ತಾಳೆ.