ನದಿ ದಂಡೆಯ ವಸಂತದ ನಡಿಗೆ: ಬೆಳಗ್ಗೆಯೋ, ಸಂಜೆಯೋ?

ನಗರದ ನಡುವಿನ ನದಿ ದಂಡೆಯಲ್ಲಿ ಹಕ್ಕಿ, ಹುಳ ನೋಡಲು ಯಾವ ಹೊತ್ತು ಒಳ್ಳೆಯದು? ನನ್ನ ವೋಟು ಬೆಳಗಿಗೆ.

ವಸಂತದಲ್ಲಿ ಗಂಡು ಹಕ್ಕಿಗಳು ಹಾಡುವುದು ಜೋಡಿಯನ್ನು ಕರೆಯಲು, ತಮ್ಮ ಜಾಗ ಕಾಯಲು. ಆ ಹಾಡು ಜಾಸ್ತಿ ಕೇಳುವುದು ಸೂರ್ಯ ಹುಟ್ಟುವ ಹೊತ್ತಿಗೆ. ಗಾಡಿಗಳ ಗದ್ದಲವೂ ಆಗ ಕಡಿಮೆ. ಮಿಂಚುಳ್ಳಿಯನ್ನು ಮಾತ್ರ ಮೊದಲು ಕಿವಿಯಿಂದಲೇ ಹುಡುಕಬೇಕು. ಚೂಪಾದ ಒಂದು ಸಿಳ್ಳೆ, ನೀರಿನ ಮೇಲೊಂದು ನೀಲಿ ಗೆರೆ, ಅಷ್ಟೇ. ಬೈನಾಕ್ಯುಲರ್ ಎತ್ತುವಷ್ಟರಲ್ಲಿ ಮಾಯ!

ಸಂಜೆಯ ಸೊಗಸೇ ಬೇರೆ. ಕತ್ತಲಾಗುತ್ತಿದ್ದಂತೆ ಪುಟ್ಟ ಬಾವಲಿಗಳು ನೀರಿನ ಮೇಲೆ ಹುಳ ಹಿಡಿಯಲು ಬರುತ್ತವೆ. ಆದರೆ ದಂಡೆಯಲ್ಲಿ ಜನರೂ ನಾಯಿಗಳೂ ಜಾಸ್ತಿ, ಹಕ್ಕಿಗಳು ದೂರ ಸರಿಯುತ್ತವೆ. ಕಾಲಡಿಯ ಕೆಸರೂ ಸರಿಯಾಗಿ ಕಾಣುವುದಿಲ್ಲ, ಟಾರ್ಚ್ ಇರಲಿ.

ಚಿಟ್ಟೆ, ಏರೋಪ್ಲೇನ್ ಚಿಟ್ಟೆ ಬೇಕಿದ್ದರೆ ಈ ಎರಡೂ ಹೊತ್ತು ಬೇಡ. ಬಿಸಿಲಿಗೆ ಮೈ ಕಾಯಿಸಿಕೊಂಡ ಮೇಲೇ ಅವುಗಳ ಹಾರಾಟ ಜೋರು. ಬಿಸಿಲೇರಿದ ಮೇಲೆ ಹೋಗಿ, ದಡದ ಜೊಂಡಿನ ಬಳಿ ಸುಮ್ನೆ ನಿಲ್ಲಿ. ಮಕ್ಕಳನ್ನು ಕರೆದೊಯ್ಯುವವರಿಗೆ ಇದೇ ವಾಸಿ. ನಸುಕಿಗೆ ಎಬ್ಬಿಸುವ ಗೋಳು ತಪ್ಪುತ್ತದೆ, ಅಲ್ವಾ?